ಇಂಗ್ಲೆಂಡಿನ ಬೀದಿಯೊಂದರ ‘ಜಾತಕ’ ಪೋಸ್ಟ್‌ಕೋಡ್‌ನಲ್ಲಿದೆಯೇ? ಆ ಸ್ಕ್ರೀನ್‌ಶಾಟ್ ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

ಮಗಳಿಗೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಎಂಎಸ್ಸಿ ಸೀಟು ಸಿಕ್ಕಿದೆ. ವೀಸಾ ಆಯಿತು, ಟಿಕೆಟ್ ಆಯಿತು, ಬಾಡಿಗೆಗೊಂದು ರೂಮು ಹುಡುಕುವುದು ಮಾತ್ರ ಬಾಕಿ. ಅವಳು ನೋಡಿಟ್ಟ ಮನೆಯ ವಿಳಾಸವನ್ನು ಫ್ಯಾಮಿಲಿ ಗ್ರೂಪಿಗೆ ಹಾಕಿದ ಹತ್ತೇ ನಿಮಿಷದಲ್ಲಿ ಒಂದು ಸ್ಕ್ರೀನ್‌ಶಾಟ್ ಬಂದು ಬೀಳುತ್ತದೆ. ಆ ಬೀದಿಯ ಪೋಸ್ಟ್‌ಕೋಡ್ ಹಾಕಿ ತೆಗೆದ ‘ಪ್ರೊಫೈಲ್’ ಅದು. ಬಣ್ಣಬಣ್ಣದ ಪಟ್ಟಿಗಳು, ಶೇಕಡಾವಾರು ಲೆಕ್ಕ: ಡಿಇ ವರ್ಗದವರು ಇಷ್ಟು, ಸ್ವಂತ ಮನೆಯವರು ಅಷ್ಟು, ಹೊರದೇಶದಲ್ಲಿ ಹುಟ್ಟಿದವರು ಇಷ್ಟು, ಕಳೆದ ತಿಂಗಳ ಅಪರಾಧಗಳು ಅಷ್ಟು. ಅದರ ಕೆಳಗೊಂದು ಸಾಲು: ‘ಆ ಏರಿಯಾ ಸರಿ ಇಲ್ಲವಂತೆ ಭಾವ, ಬೇರೆ ಕಡೆ ನೋಡಿ.’

ಇಂಥ ಪ್ರೊಫೈಲ್‌ಗಳು ಸುಳ್ಳಲ್ಲ. ಅವುಗಳ ಹಿಂದೆ ಇರುವುದು ಬಹುಪಾಲು ಸರ್ಕಾರಿ ಅಂಕಿಅಂಶಗಳೇ. ಆದರೆ ಓದುವವರು ಅದನ್ನು ಆ ಬೀದಿಯ, ಆ ಮನೆಯ, ಆ ಪಕ್ಕದ ಮನೆಯವರ ಜಾತಕ ಎಂದುಕೊಂಡುಬಿಡುತ್ತಾರೆ. ಅಲ್ಲಿಂದ ತಪ್ಪು ಶುರುವಾಗುತ್ತದೆ.

ಚುಟುಕಾಗಿ ಹೇಳುವುದಾದರೆ:

• ‘ಬೀದಿಯ ಪ್ರೊಫೈಲ್’ ಎಂದು ಕಾಣುವ ಹೆಚ್ಚಿನ ಅಂಕಿಗಳು ಆ ಬೀದಿಯವಲ್ಲ. ಜನಗಣತಿ ಇಲಾಖೆ ಗುರುತು ಮಾಡಿದ, ನೂರಾರು ಜನರ ಒಂದು ಪುಟ್ಟ ವಲಯದವು.
• ಇಂಗ್ಲೆಂಡಿನ ಜನಗಣತಿಯಲ್ಲಿ ಆದಾಯ ಎಷ್ಟು ಎಂದು ಕೇಳುವುದೇ ಇಲ್ಲ. ‘ಬಡವರ ಬೀದಿ’, ‘ಶ್ರೀಮಂತರ ಬೀದಿ’ ಎಂಬುದು ಬೇರೆ ಬೇರೆ ಸುಳಿವುಗಳಿಂದ ಮಾಡಿದ ಊಹೆ.
• ವಲಯದ ಸರಾಸರಿ ನೋಡಿ ಅಲ್ಲಿ ವಾಸಿಸುವ ವ್ಯಕ್ತಿ ಇಂಥವನೇ ಎಂದು ತೀರ್ಮಾನಿಸುವಂತಿಲ್ಲ.

ಈಗ ಒಂದೊಂದಾಗಿ ನೋಡೋಣ.

ಪೋಸ್ಟ್‌ಕೋಡ್ ಎಂದರೆ ನಮ್ಮ ಪಿನ್‌ಕೋಡ್ ಅಲ್ಲ

ನಮ್ಮ ಆರಂಕಿಯ ಪಿನ್‌ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಒಂದು ಪಿನ್‌ಕೋಡ್ ಎಂದರೆ ಒಂದು ಅಂಚೆ ಕಚೇರಿ ಬಟವಾಡೆ ಮಾಡುವ ಇಡೀ ಪ್ರದೇಶ. ಅದರಲ್ಲಿ ಹಲವು ಬಡಾವಣೆಗಳಿರಬಹುದು, ಹಳ್ಳಿಗಾಡಿನಲ್ಲಾದರೆ ಹಲವು ಊರುಗಳೇ ಇರಬಹುದು.

ಬ್ರಿಟನ್ನಿನ ಪೋಸ್ಟ್‌ಕೋಡ್ ಹಾಗಲ್ಲ. ಅಕ್ಷರ ಮತ್ತು ಅಂಕಿ ಸೇರಿದ ಆ ಗುರುತು ಸರಾಸರಿ 15 ವಿಳಾಸಗಳಿಗೆ ಒಂದರಂತೆ ಇರುತ್ತದೆ. ಹೆಚ್ಚೆಂದರೆ 100 ವಿಳಾಸ. ಉದ್ದನೆಯ ಬೀದಿಯೊಂದಕ್ಕೆ ನಾಲ್ಕೈದು ಪೋಸ್ಟ್‌ಕೋಡ್ ಇರುವುದು, ಎಡಬದಿಯ ಮನೆಗಳಿಗೊಂದು ಬಲಬದಿಯ ಮನೆಗಳಿಗೊಂದು ಇರುವುದು ಮಾಮೂಲು. ಪ್ರಧಾನಿಯ ನಿವಾಸವಾದ 10, ಡೌನಿಂಗ್ ಸ್ಟ್ರೀಟ್‌ನ ಪೋಸ್ಟ್‌ಕೋಡ್ ಎಸ್‌ಡಬ್ಲ್ಯು1ಎ 2ಎಎ ಎಂಬುದು ಅಲ್ಲಿನವರಿಗೆಲ್ಲ ಗೊತ್ತಿರುವ ಉದಾಹರಣೆ.

ಇಷ್ಟು ಚಿಕ್ಕ ಗುರುತು ಕೈಯಲ್ಲಿದ್ದರೆ ಹದಿನೈದು ಮನೆಗಳ ಬಗ್ಗೆ ಎಲ್ಲವೂ ತಿಳಿಯುತ್ತದೆ ಎಂದು ಅನ್ನಿಸುವುದು ಸಹಜ. ಆದರೆ ಪೋಸ್ಟ್‌ಕೋಡ್ ಇಲ್ಲಿ ಬಾಗಿಲ ಚಿಲಕ ಇದ್ದಂತೆ. ತೆರೆದರೆ ಸಿಗುವ ಕೋಣೆ ಹದಿನೈದು ಮನೆಗಿಂತ ದೊಡ್ಡದು.

ಹಾಗಾದರೆ ಆ ಅಂಕಿಗಳು ಯಾರವು?

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1801ರಿಂದ ಹತ್ತು ವರ್ಷಕ್ಕೊಮ್ಮೆ ಜನಗಣತಿ ನಡೆಯುತ್ತಿದೆ. ಎರಡನೇ ಮಹಾಯುದ್ಧದ ಕಾರಣ 1941ರಲ್ಲಿ ಮಾತ್ರ ನಡೆಯಲಿಲ್ಲ. ಇತ್ತೀಚಿನದು ನಡೆದದ್ದು 2021ರ ಮಾರ್ಚ್ 21ರಂದು. ಅಂದು ಎರಡೂ ಕಡೆ ಸೇರಿ ಇದ್ದ ಜನಸಂಖ್ಯೆ ಸುಮಾರು 5.96 ಕೋಟಿ.

ಈ ಲೆಕ್ಕವನ್ನು ಮನೆ ಮನೆಯ ಮಟ್ಟದಲ್ಲಿ ಬಿಡುಗಡೆ ಮಾಡುವುದಿಲ್ಲ. ಒಬ್ಬೊಬ್ಬರ ಹೆಸರಿರುವ ಮೂಲ ದಾಖಲೆಗೆ 100 ವರ್ಷ ಬೀಗ. 1921ರ ಗಣತಿಯ ಹಾಳೆಗಳು ಸಾರ್ವಜನಿಕರ ಕೈಗೆ ಸಿಕ್ಕಿದ್ದು 2022ರ ಜನವರಿಯಲ್ಲಿ. ಈಗಿನ ಅಂಕಿಗಳನ್ನು ಕೊಡಲು ಇಲಾಖೆ ದೇಶವನ್ನು ಪುಟ್ಟ ಪುಟ್ಟ ವಲಯಗಳಾಗಿ ಹಂಚಿಕೊಂಡಿದೆ. ಅವುಗಳಲ್ಲಿ ಎಲ್ಲಕ್ಕಿಂತ ಚಿಕ್ಕದರ ಹೆಸರು ‘ಔಟ್‌ಪುಟ್ ಏರಿಯಾ’. ಒಂದರಲ್ಲಿ 40ರಿಂದ 250 ಮನೆ, 100ರಿಂದ 625 ಜನ. ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ ಇಂಥ 1,88,880 ವಲಯಗಳಿವೆ. ಇಂಥ ಕೆಲವನ್ನು ಸೇರಿಸಿ 400ರಿಂದ 1,200 ಮನೆಗಳ, 1,000ದಿಂದ 3,000 ಜನರ ಇನ್ನೊಂದು ವಲಯ ಮಾಡುತ್ತಾರೆ. ಅದರ ಚುಟುಕು ಹೆಸರು ಎಲ್‌ಎಸ್‌ಒಎ.

ನೀವು ಪೋಸ್ಟ್‌ಕೋಡ್ ಟೈಪ್ ಮಾಡಿದಾಗ ವೆಬ್‌ಸೈಟ್ ಅದು ಯಾವ ವಲಯದೊಳಗೆ ಬರುತ್ತದೆ ಎಂದು ಹುಡುಕಿ, ಆ ವಲಯದ ಅಂಕಿಗಳನ್ನು ತೆಗೆದು ಆ ಬೀದಿಯ ಹೆಸರಿನಡಿ ಹಾಕುತ್ತದೆ. ಹೀಗಾಗಿ ಚಿಕ್ಕ ಬೀದಿಯಾದರೆ ಅಕ್ಕಪಕ್ಕದ ಎರಡು ಮೂರು ಬೀದಿಗಳ ಲೆಕ್ಕವೂ ಅದರಲ್ಲಿ ಸೇರಿಕೊಂಡಿರುತ್ತದೆ. ದೊಡ್ಡ ಬೀದಿಯಾದರೆ ಅದರ ಒಂದು ತುಂಡಿನ ಲೆಕ್ಕ ಮಾತ್ರ ಇರುತ್ತದೆ. ಮೂಲೆಯಲ್ಲಿ ವೃದ್ಧಾಶ್ರಮವೋ ವಿದ್ಯಾರ್ಥಿಗಳ ಹಾಸ್ಟೆಲ್ಲೋ ಇದ್ದರೆ ಅಲ್ಲಿನವರೂ ಜನಸಂಖ್ಯೆಯ ಪಟ್ಟಿಯೊಳಗೆ ಬಂದಿರಬಹುದು.

ಇನ್ನೂ ಒಂದು ಸಂಗತಿ ಇದೆ. ಇಷ್ಟು ಚಿಕ್ಕ ವಲಯದಲ್ಲಿ ‘ಈ ಒಬ್ಬರು ಯಾರು’ ಎಂದು ಯಾರೂ ಪತ್ತೆ ಹಚ್ಚಬಾರದು. ಅದಕ್ಕಾಗಿ 2021ರ ಅಂಕಿಗಳಲ್ಲಿ ಇಲಾಖೆ ಬೇಕೆಂದೇ ಸಣ್ಣ ಬದಲಾವಣೆ ಮಾಡಿದೆ. ಎದ್ದು ಕಾಣುವಂಥ ಕೆಲವು ಮನೆಗಳ ದಾಖಲೆಯನ್ನು ಹತ್ತಿರದ ಪ್ರದೇಶದ ಅಂಥದ್ದೇ ಮನೆಗಳ ಜೊತೆ ಅದಲು ಬದಲು ಮಾಡುತ್ತಾರೆ. ಕೋಷ್ಟಕದ ಕೆಲವು ಸಂಖ್ಯೆಗಳನ್ನು ತುಸು ಹೆಚ್ಚು ಕಡಿಮೆ ಮಾಡುತ್ತಾರೆ. ಒಂದು ಜಿಲ್ಲೆಯ ಮಟ್ಟದಲ್ಲಿ ಇದರಿಂದ ಏನೂ ವ್ಯತ್ಯಾಸವಾಗುವುದಿಲ್ಲ. ಆದರೆ ಬೀದಿಯ ಮಟ್ಟದಲ್ಲಿ ‘ಇಲ್ಲಿ ಭಾರತೀಯರು ಮೂರೇ ಜನ’ ಎಂದು ಕಂಡರೆ ಆ ಮೂರು ನಿಜವಾಗಿಯೂ ಮೂರೇ ಆಗಿರಬೇಕೆಂದಿಲ್ಲ.

ಸ್ಕ್ರೀನ್‌ಶಾಟ್‌ನ ಸಾಲುಗಳನ್ನು ಓದುವುದು ಹೇಗೆ?

ಎಬಿ, ಸಿ1, ಸಿ2, ಡಿಇ: ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇದರ ಬಗ್ಗೆಯೇ. ಇದು ಪತ್ರಿಕೆಗಳ ಓದುಗರ ಸಮೀಕ್ಷೆ ಮತ್ತು ಮಾರುಕಟ್ಟೆ ಸಂಶೋಧನೆಗಾಗಿ ಬೆಳೆದು ಬಂದ ವಿಂಗಡಣೆ. ಯಾವ ಸೋಪಿನ ಜಾಹೀರಾತು ಯಾರಿಗೆ ತೋರಿಸಬೇಕು ಎಂದು ತೀರ್ಮಾನಿಸಲು ಬಳಕೆಯಾಗುವಂಥದ್ದು. ಎಬಿ ಎಂದರೆ ಮ್ಯಾನೇಜರ್, ವೃತ್ತಿಪರ ಹುದ್ದೆಗಳು. ಸಿ1 ಎಂದರೆ ಗುಮಾಸ್ತಿಕೆ, ಮೇಲ್ವಿಚಾರಣೆ, ಕಿರಿಯ ಆಡಳಿತ ಹುದ್ದೆಗಳು. ಸಿ2 ಎಂದರೆ ಎಲೆಕ್ಟ್ರಿಷಿಯನ್, ಪ್ಲಂಬರ್‌ಗಳಂಥ ಕುಶಲ ಕೆಲಸಗಾರರು. ಡಿಇ ಎಂದರೆ ಹೆಚ್ಚು ತರಬೇತಿ ಬೇಡದ ದುಡಿಮೆಯವರು, ಕೆಲಸವಿಲ್ಲದವರು. ಜನಗಣತಿಯಲ್ಲಿ ‘ನೀವು ಯಾವ ದರ್ಜೆ’ ಎಂದು ಯಾರೂ ಕೇಳುವುದಿಲ್ಲ. ಮನೆಯ ಒಬ್ಬ ವ್ಯಕ್ತಿಯ ಉದ್ಯೋಗ ಮತ್ತಿತರ ಉತ್ತರಗಳಿಂದ ಒಂದು ಸೂತ್ರ ಬಳಸಿ ಇಡೀ ಮನೆಯ ದರ್ಜೆಯನ್ನು ಅಂದಾಜು ಮಾಡುತ್ತಾರೆ.

ಅದಕ್ಕೂ ಒಂದು ಮಿತಿ ಇದೆ. ಆ ವ್ಯಕ್ತಿಯ ವಯಸ್ಸು 16ರಿಂದ 64ರ ನಡುವೆ ಇದ್ದರೆ ಮಾತ್ರ ಆ ಮನೆ ಲೆಕ್ಕಕ್ಕೆ ಬರುತ್ತದೆ. ನಿವೃತ್ತರೇ ಹೆಚ್ಚಿರುವ ಬೀದಿಯಾದರೆ ಅರ್ಧಕ್ಕರ್ಧ ಮನೆಗಳು ಈ ಪಟ್ಟಿಯಲ್ಲಿ ಇರುವುದೇ ಇಲ್ಲ. ಒಂದು ಲೆಕ್ಕ ಹಾಕಿ ನೋಡಿ. ವಲಯದಲ್ಲಿ 125 ಮನೆಗಳಿವೆ, ಅದರಲ್ಲಿ ಲೆಕ್ಕಕ್ಕೆ ಬರುವುದು 70 ಎಂದಿಟ್ಟುಕೊಳ್ಳಿ. 21 ಮನೆಗಳು ಡಿಇ ಆದರೆ ಶೇ. 30. ಅದರಲ್ಲಿ ಏಳು ಮನೆಯವರಿಗೆ ಬೇರೆ ಕೆಲಸ ಸಿಕ್ಕಿದರೆ ಶೇ. 20. ಏಳು ಮನೆಗಳ ಬದಲಾವಣೆಗೆ ಗ್ರಾಫ್‌ನ ಬಣ್ಣವೇ ಬೇರೆಯಾಗಿ ಕಾಣುತ್ತದೆ.

ಸ್ವಂತ ಮನೆ, ಬಾಡಿಗೆ ಮನೆ: ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2021ರಲ್ಲಿ ಶೇ. 62.5 ಮನೆಗಳು ಸ್ವಂತದ್ದು. ಸಾಲ ಕಟ್ಟುತ್ತಿರುವವರೂ ಇದರಲ್ಲಿ ಸೇರಿದ್ದಾರೆ. ಶೇ. 20.3 ಖಾಸಗಿ ಬಾಡಿಗೆ, ಶೇ. 17.1 ‘ಸೋಷಿಯಲ್ ರೆಂಟ್’, ಅಂದರೆ ಸ್ಥಳೀಯ ಕೌನ್ಸಿಲ್ ಅಥವಾ ವಸತಿ ಸಂಸ್ಥೆಗಳು ಕಡಿಮೆ ಬಾಡಿಗೆಗೆ ಕೊಡುವ ಮನೆಗಳು. ಖಾಸಗಿ ಬಾಡಿಗೆ ಹೆಚ್ಚಿದ್ದ ಮಾತ್ರಕ್ಕೆ ಬಡವರ ಬೀದಿ ಎನ್ನಲಾಗದು. ವಿಶ್ವವಿದ್ಯಾಲಯದ ಸುತ್ತ, ದೊಡ್ಡ ಆಸ್ಪತ್ರೆಗಳ ಸುತ್ತ ಬಾಡಿಗೆ ಮನೆಗಳೇ ತುಂಬಿರುತ್ತವೆ.

‘ಅಭಾವವಿರುವ ಮನೆಗಳು’: ಜನಗಣತಿಯಲ್ಲಿ ಶಿಕ್ಷಣ, ಉದ್ಯೋಗ, ಆರೋಗ್ಯ, ವಸತಿ ಎಂಬ ನಾಲ್ಕು ಅಳತೆಗಳಿವೆ. ಮನೆಯಲ್ಲಿ ಒಬ್ಬರಿಗೆ ಅಂಗವೈಕಲ್ಯವಿದ್ದರೆ ಅಥವಾ ಆರೋಗ್ಯ ತೀರಾ ಕೆಟ್ಟಿದ್ದರೆ ಆ ಮನೆ ಆರೋಗ್ಯದ ಅಳತೆಯಲ್ಲಿ ‘ಅಭಾವ’ ಎಂದು ದಾಖಲಾಗುತ್ತದೆ. ಕೋಟ್ಯಧೀಶರ ಮನೆಯಾದರೂ ಸರಿ. ಇಲ್ಲಿ ಅಭಾವ ಎಂದರೆ ಕೈಯಲ್ಲಿ ಕಾಸಿಲ್ಲ ಎಂದೇ ಅರ್ಥವಲ್ಲ.

ಕೌನ್ಸಿಲ್ ಟ್ಯಾಕ್ಸ್ ಬ್ಯಾಂಡ್: ಇಂಗ್ಲೆಂಡಿನಲ್ಲಿ ಪ್ರತಿ ಮನೆಗೂ ಎ ಯಿಂದ ಎಚ್ ವರೆಗೆ ಒಂದು ಬ್ಯಾಂಡ್ ಇರುತ್ತದೆ. ಅದನ್ನು ನಿರ್ಧರಿಸುವುದು ಮನೆಯ ಇಂದಿನ ಬೆಲೆಯಲ್ಲ. 1991ರ ಏಪ್ರಿಲ್ 1ರಂದು ಅದಕ್ಕೆ ಎಷ್ಟು ಬೆಲೆ ಇರುತ್ತಿತ್ತು ಎಂಬ ಅಂದಾಜು. ಮೊನ್ನೆ ಮೊನ್ನೆ ಕಟ್ಟಿದ ಮನೆಗೂ ಇದೇ ನಿಯಮ. ಎ ಬ್ಯಾಂಡ್ ಎಂದರೆ ಅಂದಿನ ಲೆಕ್ಕದಲ್ಲಿ 40,000 ಪೌಂಡ್‌ವರೆಗೆ, ಎಚ್ ಎಂದರೆ 3,20,000 ಪೌಂಡ್ ಮೀರಿದ್ದು. ಎ ಬ್ಯಾಂಡ್ ಕಂಡ ಕೂಡಲೇ ಕೊಳೆಗೇರಿ ಎಂದುಕೊಳ್ಳಬೇಡಿ, ಸಣ್ಣ ಫ್ಲ್ಯಾಟ್ ಇದ್ದರೂ ಎ ಆಗಬಹುದು. ತೆರಿಗೆಯ ಮೊತ್ತವನ್ನು ಆಯಾ ಊರಿನ ಕೌನ್ಸಿಲ್ ತೀರ್ಮಾನಿಸುತ್ತದೆ. ಲಂಡನ್ನಿನ ಅತಿ ದುಬಾರಿ ಪ್ರದೇಶಗಳಲ್ಲೊಂದಾದ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಈ ತೆರಿಗೆಯ ದರ ದೇಶದಲ್ಲೇ ಅತಿ ಕಡಿಮೆ ದರಗಳಲ್ಲೊಂದು. ಹಾಗಾಗಿ ತೆರಿಗೆ ಕಡಿಮೆ ಎಂದರೆ ಬಡ ಏರಿಯಾ ಎಂಬ ಲೆಕ್ಕಾಚಾರ ಕೆಲಸ ಮಾಡುವುದಿಲ್ಲ.

ಮನೆ ಬೆಲೆ: ಭೂ ನೋಂದಣಿ ಇಲಾಖೆ 1995ರಿಂದೀಚೆಗಿನ ಮನೆ ಮಾರಾಟದ ದರಗಳನ್ನು ಬಹಿರಂಗವಾಗಿಯೇ ಇಟ್ಟಿದೆ. ಆದರೆ ಮಾರಾಟವಾದ ಮನೆಯ ದರ ಮಾತ್ರ ಅಲ್ಲಿರುತ್ತದೆ. ವರ್ಷಕ್ಕೆ ಎರಡೇ ಮನೆ ಮಾರಾಟವಾಗುವ ಬೀದಿಯಲ್ಲಿ ‘ಸರಾಸರಿ ಬೆಲೆ’ ಎಂದರೆ ಆ ಎರಡು ಮನೆಗಳ ಸರಾಸರಿ ಅಷ್ಟೇ.

ಅಪರಾಧಗಳ ನಕ್ಷೆ: ಇಂಗ್ಲೆಂಡ್ ಮತ್ತು ವೇಲ್ಸ್‌ನ ಪೊಲೀಸರು 2011ರಿಂದ ಬೀದಿವಾರು ಅಪರಾಧ ನಕ್ಷೆ ಪ್ರಕಟಿಸುತ್ತಿದ್ದಾರೆ. ಅದರಲ್ಲಿ ಚುಕ್ಕೆ ಇರುವ ಜಾಗ ಘಟನೆ ನಡೆದ ಮನೆಯಲ್ಲ. ದೂರು ಕೊಟ್ಟವರ ಗುರುತು ಸಿಗದಿರಲೆಂದು ಪ್ರತಿ ಘಟನೆಯನ್ನೂ ಹತ್ತಿರದ ಒಂದು ನಿಗದಿತ ಬಿಂದುವಿಗೆ ಸರಿಸಿ, ‘ಇಂಥ ಬೀದಿಯಲ್ಲಿ ಅಥವಾ ಅದರ ಸಮೀಪ’ ಎಂದು ಬರೆಯುತ್ತಾರೆ. ಸೂಪರ್‌ಮಾರ್ಕೆಟ್, ಬಸ್ ನಿಲ್ದಾಣ, ಪಬ್ ಇರುವ ಕಡೆ ಚುಕ್ಕೆಗಳು ಗುಂಪುಗೂಡುವುದು ಸಹಜ. ಅಂಗಡಿ ಕಳ್ಳತನ ನಡೆಯುವುದು ಅಂಗಡಿ ಇರುವಲ್ಲೇ ತಾನೆ? ‘ನಮ್ಮ ಮಗಳ ಬೀದಿಯಲ್ಲಿ 14 ಅಪರಾಧ’ ಎಂದು ಹೆದರುವ ಮೊದಲು ಅವು ಯಾವ ಬಗೆಯವು, ಆ ಬಿಂದು ಎಲ್ಲಿದೆ ಎಂದು ನೋಡಬೇಕು.

ರ‍್ಯಾಂಕ್ 1 ಎಂದರೆ ಇಲ್ಲಿ ಕೊನೆಯ ಸ್ಥಾನ!

ಪ್ರೊಫೈಲ್‌ನಲ್ಲಿ ‘ಐಎಂಡಿ’ ಎಂಬ ಸಾಲೂ ಇರುತ್ತದೆ. ಕನ್ನಡದಲ್ಲಿ ಬಹುಮುಖ ಅಭಾವ ಸೂಚ್ಯಂಕ ಎನ್ನಬಹುದು. ಆದಾಯ, ಉದ್ಯೋಗ, ಶಿಕ್ಷಣ, ಆರೋಗ್ಯ, ಅಪರಾಧ, ವಸತಿ ಮತ್ತು ಸೇವೆಗಳ ಅಡೆತಡೆ, ವಾಸದ ಪರಿಸರ ಎಂಬ ಏಳು ವಿಷಯಗಳನ್ನು ಒಟ್ಟುಗೂಡಿಸಿ ಇಂಗ್ಲೆಂಡಿನ ಎಲ್ಲ ಎಲ್‌ಎಸ್‌ಒಎಗಳನ್ನು ಸಾಲಾಗಿ ನಿಲ್ಲಿಸುತ್ತಾರೆ. ಆದಾಯ ಮತ್ತು ಉದ್ಯೋಗಕ್ಕೆ ತಲಾ ಶೇ. 22.5 ತೂಕ. 2019ರ ಪಟ್ಟಿಯಲ್ಲಿ ಇಂಥ 32,844 ವಲಯಗಳಿದ್ದವು.

ಇಲ್ಲಿ ಜನ ಎಡವುವುದು ಸಂಖ್ಯೆಯಲ್ಲಿ. ಈ ಪಟ್ಟಿಯಲ್ಲಿ 1ನೇ ಸ್ಥಾನ ಎಂದರೆ ಅತಿ ಹೆಚ್ಚು ಅಭಾವ. ಹತ್ತು ಗುಂಪು ಮಾಡಿದಾಗ 1ನೇ ಗುಂಪು ಕಷ್ಟದಲ್ಲಿರುವ ಶೇ. 10 ವಲಯಗಳದ್ದು, 10ನೇ ಗುಂಪು ಕಷ್ಟ ಅತಿ ಕಡಿಮೆ ಇರುವವುಗಳದ್ದು. ನಮ್ಮ ಎಸ್‌ಎಸ್‌ಎಲ್‌ಸಿ ರ‍್ಯಾಂಕ್‌ನಂತೆ ಓದಿದರೆ ಅರ್ಥ ತಲೆಕೆಳಗಾಗುತ್ತದೆ.

10ನೇ ಗುಂಪು ಎಂದರೆ ಶ್ರೀಮಂತರು ಎಂದೂ ಅಲ್ಲ. ಈ ಸೂಚ್ಯಂಕ ಅಳೆಯುವುದು ಇಲ್ಲದಿರುವುದನ್ನು, ಇರುವುದನ್ನಲ್ಲ. ಇದು ಬರೀ ಸಾಲು ಕೂಡ. 100ನೇ ಸ್ಥಾನದಲ್ಲಿರುವ ವಲಯಕ್ಕೆ 200ನೇ ಸ್ಥಾನದ ವಲಯಕ್ಕಿಂತ ಎರಡು ಪಟ್ಟು ಅಭಾವ ಎಂದು ಹೇಳಲಾಗದು. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಿಗೆ ಅವರವರದೇ ಬೇರೆ ಪಟ್ಟಿಗಳಿರುವುದರಿಂದ ಗ್ಲಾಸ್ಗೊದ ಬೀದಿಯನ್ನು ಲೀಡ್ಸ್‌ನ ಬೀದಿಯ ಜೊತೆ ಇದರಲ್ಲಿ ಹೋಲಿಸುವಂತಿಲ್ಲ.

2010, 2015 ಮತ್ತು 2019ರ ಪಟ್ಟಿಗಳಲ್ಲಿ 1ನೇ ಸ್ಥಾನದಲ್ಲಿದ್ದದ್ದು ಎಸೆಕ್ಸ್ ಕರಾವಳಿಯ ಜೇವಿಕ್ ಎಂಬ ಊರಿನ ಒಂದು ಭಾಗ. 1930ರ ದಶಕದಲ್ಲಿ ಲಂಡನ್ನಿನ ಜನ ಬೇಸಿಗೆ ರಜೆಗೆ ಬಂದು ಹೋಗಲೆಂದು ಕಟ್ಟಿದ ಹಗುರ ಮನೆಗಳ ಬಡಾವಣೆ ಅದು. ಆಮೇಲೆ ಅವೇ ಕಾಯಂ ಮನೆಗಳಾದವು. 1953ರ ಸಮುದ್ರದ ನೆರೆಯಲ್ಲಿ ಅಲ್ಲಿ 30ಕ್ಕೂ ಹೆಚ್ಚು ಜನ ಸತ್ತರು. 2018ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಒಬ್ಬ ಚುನಾವಣಾ ಅಭ್ಯರ್ಥಿಯ ಜಾಹೀರಾತಿನಲ್ಲಿ ಜೇವಿಕ್‌ನ ಹಾಳುಬಿದ್ದ ಬೀದಿಯ ಫೋಟೊ ಕಾಣಿಸಿಕೊಂಡಿತು. ತನಗೆ ಮತ ಹಾಕದಿದ್ದರೆ ದೇಶ ಹೀಗಾಗುತ್ತದೆ ಎಂಬ ಎಚ್ಚರಿಕೆ ಅದು. ಅಟ್ಲಾಂಟಿಕ್ ಸಾಗರದಾಚೆಯ, ಆ ಚುನಾವಣೆಗೆ ಸಂಬಂಧವೇ ಇಲ್ಲದ ಜನರ ಮನೆಯಂಗಳ ಒಂದು ಬೆದರುಬೊಂಬೆಯಾಯಿತು. ಊರಿನವರು ಸಿಟ್ಟಾದರು. ಫೋಟೊ ನಿಜ, ಊರಿನ ಕಷ್ಟವೂ ನಿಜ, ಹೇಳಿದ ಕಥೆ ಮಾತ್ರ ಸುಳ್ಳು. ಫಾರ್ವರ್ಡ್‌ಗಳ ಲೋಕದಲ್ಲಿ ನಾವು ದಿನವೂ ನೋಡುವ ಬಗೆ ಇದು.

ಒಂದು ಬೀದಿಗೆ ಹಣೆಪಟ್ಟಿ ಬಿದ್ದ ಕಥೆ

ಬರ್ಮಿಂಗ್‌ಹ್ಯಾಮ್‌ನ ವಿನ್‌ಸನ್ ಗ್ರೀನ್ ಎಂಬಲ್ಲಿ ಜೇಮ್ಸ್ ಟರ್ನರ್ ಸ್ಟ್ರೀಟ್ ಎಂಬ ಬೀದಿ ಇದೆ. ಒಂದಕ್ಕೊಂದು ಗೋಡೆ ಹಂಚಿಕೊಂಡು ಸಾಲಾಗಿ ನಿಂತಿರುವ ಹಳೆಯ ಮನೆಗಳು. 2014ರ ಜನವರಿ 6ರಂದು ಚಾನೆಲ್ 4 ವಾಹಿನಿಯಲ್ಲಿ ಈ ಬೀದಿಯ ಬಗ್ಗೆ ‘ಬೆನಿಫಿಟ್ಸ್ ಸ್ಟ್ರೀಟ್’ ಎಂಬ ಸರಣಿ ಶುರುವಾಯಿತು. ಬೆನಿಫಿಟ್ಸ್ ಎಂದರೆ ಸರ್ಕಾರ ಕೊಡುವ ಭತ್ಯೆಗಳು. ಭತ್ಯೆಯ ಮೇಲೆ ಬದುಕುವವರ ಬೀದಿ ಎಂಬುದು ಆ ಹೆಸರಿನ ಇಂಗಿತ. ನೋಡಿದವರ ಸಂಖ್ಯೆ 50 ಲಕ್ಷ ದಾಟಿತು. ಬೀದಿಯ ಶೇ. 90 ಜನ ಭತ್ಯೆ ಪಡೆಯುತ್ತಾರೆ ಎಂಬ ಮಾತು ಸುದ್ದಿಗಳಲ್ಲಿ ಓಡಾಡಿತು.

ಆ ಶೇ. 90 ಎಂಬುದನ್ನು ನಿಲ್ಲಿಸಿ ಕೇಳಬೇಕಾದ ಪ್ರಶ್ನೆಗಳಿವೆ. ಮೊದಲನೆಯದು, ಭತ್ಯೆ ಎಂದರೆ ಯಾವುದು? ಬ್ರಿಟನ್ನಿನಲ್ಲಿ ವೃದ್ಧಾಪ್ಯ ಪಿಂಚಣಿಯೂ ಇದೇ ಖಾತೆಯಿಂದ ಬರುತ್ತದೆ. ಕಲ್ಯಾಣ ವೆಚ್ಚದಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಅದರದ್ದೇ. ಮಕ್ಕಳಿರುವ ಮನೆಗಳಿಗೆ ‘ಚೈಲ್ಡ್ ಬೆನಿಫಿಟ್’ ಇದೆ. ದುಡಿದರೂ ಸಂಬಳ ಸಾಲದವರಿಗೆ ಬಾಡಿಗೆ ನೆರವು ಇದೆ. ಇವನ್ನೆಲ್ಲ ಸೇರಿಸಿದರೆ ಪಿಂಚಣಿ ಪಡೆಯುವ ಅಜ್ಜಿ, ಮಕ್ಕಳಿರುವ ಬಸ್ ಚಾಲಕ, ಪಾಳಿ ಕೆಲಸ ಮಾಡುವ ಸಫಾಯಿ ಕಾರ್ಮಿಕಳು ಎಲ್ಲರೂ ‘ಭತ್ಯೆ ಪಡೆಯುವವರು’. ಕೆಲಸವಿಲ್ಲದವರು ಮತ್ತು ಭತ್ಯೆ ಪಡೆಯುವವರು ಎರಡೂ ಒಂದೇ ಅಲ್ಲ. ಎರಡನೆಯದು, ಲೆಕ್ಕ ಯಾವ ಗಡಿಯದ್ದು? ಮೇಲೆ ನೋಡಿದಂತೆ ಅಧಿಕೃತ ಅಂಕಿಗಳು ಸಿಗುವುದು ವಲಯಕ್ಕೆ, ಬೀದಿಗಲ್ಲ.

ಸಮುದಾಯದ ಒಗ್ಗಟ್ಟಿನ ಬಗ್ಗೆ ಕಾರ್ಯಕ್ರಮ ಎಂದು ಹೇಳಿ ತಮ್ಮನ್ನು ಒಪ್ಪಿಸಿದರು ಎಂದು ಹಲವು ನಿವಾಸಿಗಳು ದೂರಿದರು. ವಾಹಿನಿ ಅದನ್ನು ಒಪ್ಪಲಿಲ್ಲ. ನೂರಾರು ದೂರುಗಳು ಬಂದರೂ ಪ್ರಸಾರ ನಿಯಂತ್ರಣ ಸಂಸ್ಥೆ ಆಫ್‌ಕಾಮ್ ನಿಯಮ ಉಲ್ಲಂಘನೆಯಾಗಿಲ್ಲ ಎಂದು ಅದೇ ವರ್ಷ ತೀರ್ಮಾನಿಸಿತು. ಆದರೆ ಆ ಬೀದಿಯಲ್ಲಿ ದಿನಾ ಎದ್ದು ಕೆಲಸಕ್ಕೆ ಹೋಗುತ್ತಿದ್ದವರೂ ಇದ್ದರು. ತಮ್ಮ ಬೀದಿಯ ಹೆಸರನ್ನು ಅರ್ಜಿಯ ಮೇಲೆ ಬರೆಯುವಾಗಲೆಲ್ಲ ಆ ಹಣೆಪಟ್ಟಿಯೂ ಅವರ ಬೆನ್ನಿಗೆ ಬಂತು.

ಬೀದಿಗೆ ಬಣ್ಣ ಬಳಿದ ಮೊದಲಿಗ

ಬೀದಿ ಬೀದಿಯನ್ನೂ ಬಡತನದ ಲೆಕ್ಕದಲ್ಲಿ ಗುರುತಿಸುವ ಕೆಲಸ ಹೊಸದಲ್ಲ. ಲಿವರ್‌ಪೂಲ್ ಮೂಲದ ಹಡಗು ವ್ಯಾಪಾರಿ ಚಾರ್ಲ್ಸ್ ಬೂತ್ 1886ರಲ್ಲಿ ಲಂಡನ್ನಿನ ಬಡತನದ ಸಮೀಕ್ಷೆ ಶುರು ಮಾಡಿದರು. 1889ರಿಂದ ನಕ್ಷೆಗಳು ಹೊರಬಂದವು. ಹಳದಿ ಎಂದರೆ ಸಿರಿವಂತರು, ಕೆಂಪು ಎಂದರೆ ಅನುಕೂಲಸ್ಥ ಮಧ್ಯಮ ವರ್ಗ, ಗುಲಾಬಿ ಎಂದರೆ ಸುಮಾರಾಗಿ ನೆಮ್ಮದಿಯವರು, ನೇರಳೆ ಎಂದರೆ ಬೆರಕೆ, ತಿಳಿನೀಲಿ ಬಡವರು, ಕಡುನೀಲಿ ಕಡುಬಡವರು, ಕೊನೆಗೆ ಕಪ್ಪು. ಮಕ್ಕಳು ಶಾಲೆಗೆ ಬರುತ್ತಾರೋ ಇಲ್ಲವೋ ಎಂದು ಮನೆ ಮನೆ ತಿರುಗುತ್ತಿದ್ದ ಅಧಿಕಾರಿಗಳಿಂದ ಮಾಹಿತಿ ಪಡೆದರು. ಮುಂದೆ ನಕ್ಷೆ ಪರಿಷ್ಕರಿಸುವಾಗ ಪೊಲೀಸರ ಜೊತೆ ಬೀದಿಗಳಲ್ಲಿ ನಡೆದರು. ಲಂಡನ್ನಿನ ಶೇ. 30ಕ್ಕೂ ಹೆಚ್ಚು ಜನ ಬಡತನದಲ್ಲಿದ್ದಾರೆ ಎಂಬ ಅವರ ಲೆಕ್ಕ ಆಳುವವರನ್ನು ಬೆಚ್ಚಿಬೀಳಿಸಿತು. ವೃದ್ಧಾಪ್ಯ ಪಿಂಚಣಿ ಬೇಕೆಂದು ವಾದಿಸಿದವರಲ್ಲಿ ಬೂತ್ ಕೂಡ ಒಬ್ಬರು. 1908ರಲ್ಲಿ ಅದಕ್ಕೆ ಕಾನೂನು ಬಂತು.

ಆದರೆ ಅದೇ ನಕ್ಷೆಯ ಕಪ್ಪು ಬಣ್ಣ ಬಡತನವನ್ನಷ್ಟೇ ಹೇಳುತ್ತಿರಲಿಲ್ಲ. ಅಲ್ಲಿನವರು ಕೆಟ್ಟ ನಡತೆಯವರು, ಅರೆ ಅಪರಾಧಿಗಳು ಎಂಬ ವಿವರಣೆಯೂ ಆ ಬಣ್ಣಕ್ಕೆ ಅಂಟಿಕೊಂಡಿತ್ತು. ಹಣವಿಲ್ಲ ಎಂಬುದು ಒಂದು ಮಾಹಿತಿ, ನಡತೆ ಸರಿಯಿಲ್ಲ ಎಂಬುದು ಒಂದು ತೀರ್ಪು. ಎರಡನ್ನೂ ಒಂದೇ ಬಣ್ಣದಲ್ಲಿ ಬಳಿದದ್ದು ಆ ದೊಡ್ಡ ಕೆಲಸದ ದೊಡ್ಡ ದೋಷ. ನಮ್ಮ ಸ್ಕ್ರೀನ್‌ಶಾಟ್‌ನ ಕೆಳಗಿನ ‘ಏರಿಯಾ ಸರಿ ಇಲ್ಲವಂತೆ’ ಎಂಬ ಸಾಲು ಮಾಡುವುದೂ ಅದನ್ನೇ.

ಹಾಗಾದರೆ ಈ ಅಂಕಿಗಳು ಬೇಡವೇ?

ಖಂಡಿತ ಬೇಕು. ಯಾವ ಊರಿಗೆ ಶಾಲೆಯ ಅನುದಾನ ಹೆಚ್ಚು ಬೇಕು, ಎಲ್ಲಿ ಆರೋಗ್ಯ ಕೇಂದ್ರ ಬೇಕು ಎಂದು ತಿಳಿಯುವುದು ಇವುಗಳಿಂದಲೇ. 2018–20ರ ಅಂಕಿಗಳ ಪ್ರಕಾರ ಇಂಗ್ಲೆಂಡಿನ ಅತಿ ಹೆಚ್ಚು ಅಭಾವವಿರುವ ಶೇ. 10 ವಲಯಗಳಲ್ಲಿ ಹುಟ್ಟುವ ಗಂಡು ಮಗುವಿನ ನಿರೀಕ್ಷಿತ ಆಯಸ್ಸು 73.5 ವರ್ಷ. ಅಭಾವ ಅತಿ ಕಡಿಮೆ ಇರುವ ವಲಯಗಳಲ್ಲಿ 83.2 ವರ್ಷ. ಹೆಣ್ಣುಮಕ್ಕಳಲ್ಲಿ ಇದು 78.3 ಮತ್ತು 86.3. ಒಂದೇ ದೇಶ, ಒಂದೇ ಸರ್ಕಾರಿ ಆರೋಗ್ಯ ಸೇವೆ, ಆದರೂ ಬದುಕಿನಲ್ಲಿ ಎಂಟು ಹತ್ತು ವರ್ಷಗಳ ಅಂತರ. ವಲಯವಾರು ಲೆಕ್ಕ ಇರದಿದ್ದರೆ ಈ ಅನ್ಯಾಯ ಕಣ್ಣಿಗೇ ಬೀಳುತ್ತಿರಲಿಲ್ಲ.

ದೊಡ್ಡ ಸರಾಸರಿ ಏನನ್ನು ಮುಚ್ಚುತ್ತದೆ ಎಂಬುದಕ್ಕೂ ಇಂಗ್ಲೆಂಡಿನಲ್ಲೇ ಕಹಿ ಉದಾಹರಣೆ ಇದೆ. ಕೆನ್ಸಿಂಗ್ಟನ್ ಮತ್ತು ಚೆಲ್ಸಿ ಎಂದರೆ ಲಂಡನ್ನಿನ ಸಿರಿವಂತ ಆಡಳಿತ ವಿಭಾಗ. 2017ರ ಜೂನ್‌ನಲ್ಲಿ ಬೆಂಕಿಗೆ 72 ಜನ ಬಲಿಯಾದ ಗ್ರೆನ್‌ಫೆಲ್ ಟವರ್ ಇದ್ದದ್ದು ಅದೇ ವಿಭಾಗದಲ್ಲಿ. ಆ ಕಟ್ಟಡವಿದ್ದ ಪುಟ್ಟ ವಲಯ ಮಾತ್ರ ದೇಶದ ಅತಿ ಹೆಚ್ಚು ಅಭಾವದ ಶೇ. 10ರಲ್ಲಿ ಸೇರಿತ್ತು.

ಅಂದರೆ ವಲಯದ ಅಂಕಿ ವಲಯದ ಪ್ರಶ್ನೆಗೆ ಉತ್ತರ ಕೊಡುತ್ತದೆ, ವ್ಯಕ್ತಿಯ ಪ್ರಶ್ನೆಗಲ್ಲ. ಅಭಾವವಿರುವ ವಲಯದಲ್ಲಿ ಇರುವವರೆಲ್ಲ ಬಡವರಲ್ಲ, ಬಡವರೆಲ್ಲ ಅಂಥ ವಲಯದಲ್ಲೇ ಇರುವುದಿಲ್ಲ. ಈ ಸೂಚ್ಯಂಕವನ್ನು ತಯಾರಿಸುವ ಸರ್ಕಾರವೇ ಕೊಡುವ ಎಚ್ಚರಿಕೆ ಇದು.

ಮನೆ ಹುಡುಕುತ್ತಿದ್ದರೆ ಏನು ನೋಡಬೇಕು?

ಕರ್ನಾಟಕದಿಂದ ಓದಲು, ಆಸ್ಪತ್ರೆಗಳಲ್ಲಿ, ಐಟಿ ಕಂಪನಿಗಳಲ್ಲಿ ದುಡಿಯಲು ಇಂಗ್ಲೆಂಡಿಗೆ ಹೋಗುವವರಿಗೆ ಈ ಪ್ರಶ್ನೆ ಬರೀ ಕುತೂಹಲದ್ದಲ್ಲ. ತಪ್ಪು ಓದಿನಿಂದ ಕೈಗೆಟಕುವ ಒಳ್ಳೆಯ ರೂಮು ತಪ್ಪಿ, ತಿಂಗಳಿಗೆ ನೂರಾರು ಪೌಂಡ್ ಹೆಚ್ಚು ಕೊಡಬೇಕಾಗಿ ಬರಬಹುದು.

• ದಿನಾಂಕ ನೋಡಿ. 2021ರ ಮಾರ್ಚ್ ಎಂದರೆ ಕೋವಿಡ್ ನಿರ್ಬಂಧಗಳ ಕಾಲ. ಆಗ ಕೆಲಸದಲ್ಲಿದ್ದವರಲ್ಲಿ ಶೇ. 31.2 ಮಂದಿ ಮುಖ್ಯವಾಗಿ ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ‘ಈ ಬೀದಿಯವರು ಕೆಲಸಕ್ಕೆ ಹೇಗೆ ಹೋಗುತ್ತಾರೆ’ ಎಂಬ ಪಟ್ಟಿ ಇಂದಿನ ಚಿತ್ರವಲ್ಲ.
• ವಲಯದ ಗಡಿ ನೋಡಿ. ಜನಗಣತಿ ಇಲಾಖೆಯ ನಕ್ಷೆಯಲ್ಲಿ ಆ ಮನೆ ಯಾವ ವಲಯದಲ್ಲಿದೆ, ಪಕ್ಕದ ವಲಯ ಹೇಗಿದೆ ಎಂದು ಉಚಿತವಾಗಿಯೇ ನೋಡಬಹುದು.
• ಕೌನ್ಸಿಲ್ ಟ್ಯಾಕ್ಸ್ ಬಗ್ಗೆ ಕೇಳಿ. ಮನೆಯಲ್ಲಿರುವವರೆಲ್ಲ ಪೂರ್ಣಾವಧಿ ವಿದ್ಯಾರ್ಥಿಗಳಾದರೆ ಆ ಮನೆಗೆ ವಿನಾಯಿತಿ ಇದೆ. ಒಬ್ಬರು ಕೆಲಸದಲ್ಲಿದ್ದರೂ ಲೆಕ್ಕ ಬದಲಾಗುತ್ತದೆ.
• ‘ಆ ವಿಳಾಸ ಬ್ಲ್ಯಾಕ್‌ಲಿಸ್ಟ್ ಆಗಿದೆ, ಅಲ್ಲಿದ್ದರೆ ನಿಮಗೂ ಸಾಲ ಸಿಗಲ್ಲ’ ಎಂಬ ಮಾತು ಸುಳ್ಳು. ಬ್ರಿಟನ್ನಿನಲ್ಲಿ ಸಾಲದ ಇತಿಹಾಸ ದಾಖಲಾಗುವುದು ವ್ಯಕ್ತಿಯ ಹೆಸರಿನಲ್ಲಿ. ಮೊದಲಿದ್ದ ಬಾಡಿಗೆದಾರರು ಸಾಲ ತೀರಿಸದಿದ್ದರೆ ಅದು ನಿಮ್ಮ ತಲೆಗೆ ಬರುವುದಿಲ್ಲ. ಜಂಟಿ ಬ್ಯಾಂಕ್ ಖಾತೆಯಂಥ ಹಣಕಾಸಿನ ನಂಟು ಇದ್ದರೆ ಮಾತ್ರ ಇನ್ನೊಬ್ಬರ ದಾಖಲೆ ನಿಮ್ಮದರ ಜೊತೆ ಸೇರುತ್ತದೆ.
• ಕಾರು ವಿಮೆಯ ವಿಷಯದಲ್ಲಿ ಪೋಸ್ಟ್‌ಕೋಡ್ ನಿಜಕ್ಕೂ ಲೆಕ್ಕಕ್ಕೆ ಬರುತ್ತದೆ. ಕಾರು ಕೊಳ್ಳುವವರು ಮನೆ ಒಪ್ಪುವ ಮೊದಲು ವಿಮೆಯ ದರ ಕೇಳಿ ನೋಡಿ.
• ಸಾಧ್ಯವಾದರೆ ಒಮ್ಮೆ ಹಗಲಲ್ಲಿ, ಒಮ್ಮೆ ಕತ್ತಲಾದ ಮೇಲೆ ಆ ಬೀದಿಯಲ್ಲಿ ನಡೆಯಿರಿ. ಅಲ್ಲೇ ಇರುವ ಗೆಳೆಯರನ್ನು ಕಳಿಸಿದರೂ ಆದೀತು. ಬಸ್ ಎಷ್ಟು ಹೊತ್ತಿಗೆ ನಿಲ್ಲುತ್ತದೆ, ಬೀದಿ ದೀಪ ಇದೆಯೇ, ಗೋಡೆಯಲ್ಲಿ ತೇವ ಇದೆಯೇ ಎಂಬುದನ್ನು ಯಾವ ಪ್ರೊಫೈಲೂ ಹೇಳುವುದಿಲ್ಲ.

ಫಾರ್ವರ್ಡ್ ಒತ್ತುವ ಮೊದಲು

ಬೀದಿಯ ಪ್ರೊಫೈಲ್ ನಿಮ್ಮ ಗ್ರೂಪಿಗೆ ಬಂದರೆ ಮೂರು ಪ್ರಶ್ನೆ ಕೇಳಿ: ಇದು ಬೀದಿಯದ್ದೋ ವಲಯದ್ದೋ? ಯಾವ ವರ್ಷದ್ದು? ಇದರಲ್ಲಿ ಮಾಹಿತಿ ಎಷ್ಟು, ಕಳಿಸಿದವರ ತೀರ್ಪು ಎಷ್ಟು?

ಮೂರಕ್ಕೂ ಉತ್ತರ ಸಿಗದಿದ್ದರೆ ಅದನ್ನು ಮುಂದೆ ಕಳಿಸದಿರುವುದೇ ಒಳ್ಳೆಯದು. ಮಗಳಿಗೆ ಫೋನ್ ಮಾಡಿ, ‘ಮನೆ ಹೇಗಿದೆಯಮ್ಮಾ, ಅಕ್ಕಪಕ್ಕದವರು ಮಾತಾಡಿಸಿದರಾ?’ ಎಂದು ಕೇಳಿ. ಆ ಬೀದಿಯ ಬಗ್ಗೆ ಯಾವ ವೆಬ್‌ಸೈಟ್‌ನಲ್ಲೂ ಇಲ್ಲದ ಮಾಹಿತಿ ಅವಳ ಉತ್ತರದಲ್ಲಿರುತ್ತದೆ.